ಆಗುಂಬೆ, ಗೋಕರ್ಣ ಇರುವಾಗ ಅಂಡಮಾನ್ ಯಾಕೆ?

ಪ್ರಶ್ನೆ: ಸರ್, ನಾನು ಚಿತ್ರದುರ್ಗದ ಹತ್ತಿರದ ಹಳ್ಳಿಯೊಂದರಲ್ಲಿ ಹೈಸ್ಕೂಲ್ ಮೇಷ್ಟ್ರು. ಚೀಟಿ ಹಾಕಿದ್ದ ದುಡ್ಡು ಈಗ ಕೈಗೆ ಬಂದಿದೆ. ಎಂಟನೇ ಕ್ಲಾಸಿನ ಮಗಳು ಅಂಡಮಾನ್‌ಗೆ ಹೋಗೋಣ ಅಂತ ಹಠ ಹಿಡಿದಿದ್ದಾಳೆ. ನನ್ನ ಬಾಮೈದ ಮಾತ್ರ ಬೇಡ ಅನ್ನುತ್ತಾನೆ. "ಕಾಡು ಬೇಕಾ, ಆಗುಂಬೆ ಇದೆ. ಬೀಚ್ ಬೇಕಾ, ಗೋಕರ್ಣ ಇದೆ. ಪ್ರಾಣಿ ಬೇಕಾ, ಭದ್ರಾ ಇದೆ. ಅಷ್ಟು ದುಡ್ಡು ಸುರಿದು ದ್ವೀಪಕ್ಕೆ ಹೋಗಿ ನೋಡುವಂಥದ್ದು ಏನಿದೆ?" ಅಂತ ಅವನ ವಾದ. ಜೊತೆಗೆ ಹೆಂಡತಿ, ಮೂರನೇ ಕ್ಲಾಸಿನ ಮಗ, ಮಂಡಿ ನೋವಿರುವ ಅಮ್ಮ ಬರುತ್ತಾರೆ. ಬೇಸಿಗೆ ರಜೆಯಲ್ಲಿ ಹೋಗಬಹುದಾ? ಎಷ್ಟು ದಿನ ಬೇಕು? ನಿಜವಾಗಿ ಹೋಗಲೇಬೇಕಾದ ಜಾಗವಾ ಅದು?

ಉತ್ತರ: ಮೇಷ್ಟ್ರೇ, ಹೋಗಿ ಬನ್ನಿ. ಆದರೆ ನಿಮ್ಮ ಬಾಮೈದ ಕೇಳಿದ್ದು ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಸಿಗದೆ ಹೊರಟವರು ಅಲ್ಲಿಗೆ ಹೋಗಿಯೂ ಏನೂ ನೋಡದೆ ವಾಪಸ್ ಬರುತ್ತಾರೆ. ನಾನು ದಾವಣಗೆರೆಯಲ್ಲಿ ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವನು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು, ಆಮೇಲೆ ಮನೆಯವರ ಜೊತೆ, ಒಟ್ಟು ಏಳು ಸಲ ಅಲ್ಲಿಗೆ ಹೋಗಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಬಾಮೈದನ ಮಾತನ್ನೇ ತಗೊಳ್ಳೋಣ. ಮಳೆಯ ಲೆಕ್ಕ ಹಾಕಿದರೆ ಆಗುಂಬೆಯೇ ಮುಂದೆ. ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಸುರಿಯುತ್ತದೆ. ಅಂಡಮಾನ್‌ನಲ್ಲಿ ಸುಮಾರು 3,000. ದೊಡ್ಡ ಪ್ರಾಣಿಗಳ ಲೆಕ್ಕದಲ್ಲೂ ಭದ್ರಾವೇ ಮೇಲು. ಅಂಡಮಾನ್ ಕಾಡಿನಲ್ಲಿ ಹುಲಿ ಇಲ್ಲ, ಚಿರತೆ ಇಲ್ಲ, ಕರಡಿ ಇಲ್ಲ. ನಿಮ್ಮ ಕೋಟೆ ತುಂಬಾ ಇರುವ ಕೋತಿ ಕೂಡ ಅಲ್ಲಿನ ಕಾಡಿನ ಮೂಲ ಪ್ರಾಣಿ ಅಲ್ಲ. ಸಫಾರಿ ಜೀಪಿನಲ್ಲಿ ಕೂತು ಹುಲಿ ನೋಡಬೇಕು ಅನ್ನುವ ಆಸೆ ಇದ್ದರೆ ದಯವಿಟ್ಟು ಅಂಡಮಾನ್‌ಗೆ ಹೋಗಬೇಡಿ. ಆ ದುಡ್ಡಿನಲ್ಲಿ ಭದ್ರಾಕ್ಕೆ ನಾಲ್ಕು ಸಲ ಹೋಗಿ ಬರಬಹುದು.

ಹಾಗಾದರೆ ಏನಿದೆ ಅಲ್ಲಿ? ನಮ್ಮಲ್ಲಿ ಬೇರೆ ಬೇರೆ ಕಡೆ ಇರುವ ಕಾಡು, ಕಡಲು, ಜೀವಿಗಳು ಅಲ್ಲಿ ಒಂದೇ ಕಡೆ ಸೇರುತ್ತವೆ. ನಮ್ಮ ಕರಾವಳಿ ನೆನಪು ಮಾಡಿಕೊಳ್ಳಿ. ಘಟ್ಟದ ಕಾಡು ಎಲ್ಲೋ ಮೇಲೆ ನಿಲ್ಲುತ್ತದೆ. ಆಮೇಲೆ ಅಡಿಕೆ ತೋಟ, ಗದ್ದೆ, ಊರು, ರೈಲು ಹಳಿ, ಹೈವೇ, ತೆಂಗು, ಹೋಟೆಲು. ಇಷ್ಟೆಲ್ಲ ದಾಟಿದ ಮೇಲೆ ಮರಳು. ಅಂಡಮಾನ್‌ನಲ್ಲಿ ಕಾಡು ಮುಗಿಯುವುದೇ ಮರಳಿನ ಮೇಲೆ. ಹ್ಯಾವ್‌ಲಾಕ್ ದ್ವೀಪದ ರಾಧಾನಗರ ಬೀಚ್‌ನಲ್ಲಿ ನೀರಿಗೆ ಬೆನ್ನು ಹಾಕಿ ನಿಂತರೆ ಎದುರಿಗೆ ಗೋಡೆಯ ಹಾಗೆ ಮರಗಳು. ಅಲ್ಲಿಯವರು ಸಮುದ್ರ ಮಹುವಾ ಅನ್ನುವ ಮರ ಅದು. ಒಂದೊಂದರ ಬುಡ ತಬ್ಬಲು ಇಬ್ಬರು ಬೇಕು. ದೊಡ್ಡ ಅಲೆ ಬಂದಾಗ ನೀರು ಬೇರಿನ ಹತ್ತಿರಕ್ಕೇ ಬರುತ್ತದೆ. ಕಾಡಿನ ಏಡಿ ಮರಳಿಗಿಳಿಯುತ್ತದೆ, ಸಮುದ್ರದ ಏಡಿ ಕಾಡಿಗೆ ಹತ್ತುತ್ತದೆ. ಕಾಡು ಎಲ್ಲಿ ಮುಗಿಯಿತು, ಕಡಲು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ಆಗುವುದಿಲ್ಲ. ಆ ಗೆರೆ ಇಲ್ಲದ ಜಾಗವನ್ನು ನಿಮ್ಮ ಮಕ್ಕಳು ಒಮ್ಮೆ ನೋಡಬೇಕು ಅಂತ ನನ್ನ ಆಸೆ.

ಎರಡನೇ ಕಾರಣ ನನಗೆ ಇನ್ನೂ ದೊಡ್ಡದು. ದ್ವೀಪ ಅಂದರೆ ನೀರು ಬೇಲಿ ಹಾಕಿದ ಜಾಗ. ಬೇಲಿ ದಾಟಿ ಬಂದ ಜೀವ ವಾಪಸ್ ಹೋಗಲು ಆಗದೆ, ಸಾವಿರಾರು ತಲೆಮಾರು ಅಲ್ಲೇ ಇದ್ದು ಬೇರೆಯೇ ಆಗಿಬಿಡುತ್ತದೆ. ಮಗಳಿಗೆ ಹೀಗೆ ಹೇಳಿ. ನಿಮ್ಮ ಹೊಲದ ಬೇಲಿಯಲ್ಲಿ ಕೆಂಬೂತ ಇರುತ್ತದಲ್ವಾ? ಕಪ್ಪು ತಲೆ, ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ. ಅಂಡಮಾನ್‌ನಲ್ಲೂ ಕೆಂಬೂತ ಇದೆ. ನಡೆಯುವ ರೀತಿ, ಪೊದೆಯಲ್ಲಿ ನುಸುಳುವ ರೀತಿ ಎಲ್ಲ ನಮ್ಮದರ ಹಾಗೇ. ಆದರೆ ತಲೆ, ಎದೆ ಎಲ್ಲ ಮಾಸಲು ಕಂದು ಬಣ್ಣ. ಮೊದಲ ಸಲ ನೋಡಿದಾಗ ನಮ್ಮ ಕೆಂಬೂತವನ್ನೇ ಯಾರೋ ಮಣ್ಣು ನೀರಿನಲ್ಲಿ ಅದ್ದಿ ತೆಗೆದ ಹಾಗೆ ಅನ್ನಿಸಿತ್ತು. ಹಾಗೆಯೇ ಅಂಡಮಾನ್ ಮರಕುಟುಕ. ಕಾಗೆಯಷ್ಟು ದೊಡ್ಡದು, ಪೂರ್ತಿ ಕಪ್ಪು, ತಲೆಯ ಮೇಲೆ ಕೆಂಪು ಜುಟ್ಟು. ಅಂಡಮಾನ್ ಹಾವುಗಿಡುಗ, ಅಂಡಮಾನ್ ಕಾಡುಪಾರಿವಾಳ, ಅಂಡಮಾನ್ ಕಾಜಾಣ. ಅಂಡಮಾನ್ ನಿಕೋಬಾರ್ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲದ ಹಕ್ಕಿಗಳು ಇಪ್ಪತ್ತಕ್ಕೂ ಹೆಚ್ಚು. ನಾರ್ಕೊಂಡಂ ಅನ್ನುವ ಒಂದು ಪುಟ್ಟ ದ್ವೀಪದಲ್ಲಿ ಒಂದು ಜಾತಿಯ ಮಂಗಟ್ಟೆ ಹಕ್ಕಿ ಇದೆ. ಆ ಒಂದು ದ್ವೀಪ ಬಿಟ್ಟರೆ ಅದು ಇನ್ನೆಲ್ಲೂ ಇಲ್ಲ. ಪ್ರವಾಸಿಗರು ಅಲ್ಲಿಗೆ ಹೋಗುವಂತಿಲ್ಲ. ಹೋಗದೆ ಇರುವುದೇ ಒಳ್ಳೆಯದು.

ಈ ಜೀವಗಳೆಲ್ಲ ಎಲ್ಲಿಂದ ಬಂದವು? ನಕ್ಷೆಯಲ್ಲಿ ನಾವು ಅಂಡಮಾನನ್ನು ಭಾರತದ ಪಕ್ಕ ಒಂದು ಚೌಕದೊಳಗೆ ಬರೆಯುತ್ತೇವೆ. ನಿಜಕ್ಕೂ ಚೆನ್ನೈನಿಂದ ಅದು 1,300 ಕಿಲೋಮೀಟರಿಗೂ ಹೆಚ್ಚು ದೂರ. ಬರ್ಮಾ ತೀರ ಅದರ ಉತ್ತರ ತುದಿಯಿಂದ 300 ಕಿಲೋಮೀಟರ್ ಆಸುಪಾಸಿನಲ್ಲೇ ಇದೆ. ಬರ್ಮಾದ ಅರಾಕಾನ್ ಬೆಟ್ಟಸಾಲು ದಕ್ಷಿಣಕ್ಕೆ ಬಂದು ಸಮುದ್ರದೊಳಗೆ ಮುಳುಗುತ್ತದೆ. ಆ ಮುಳುಗಿದ ಸಾಲಿನ ನೆತ್ತಿಗಳೇ ಈ ದ್ವೀಪಗಳು. ಹಾಗಾಗಿ ಅಲ್ಲಿನ ಕಾಡಿನ ನೆಂಟಸ್ತಿಕೆ ಜಾಸ್ತಿ ಬರ್ಮಾ ಕಡೆಗೇ. ಗರ್ಜನ್ ಅನ್ನುವ ಮರ ನಲವತ್ತು ಮೀಟರ್ ಎತ್ತರ ಬೆಳೆಯುತ್ತದೆ, ಬಹಳ ಮೇಲಿನವರೆಗೆ ಒಂದು ಕೊಂಬೆಯೂ ಇಲ್ಲದೆ ಕಂಬದ ಹಾಗೆ ಹೋಗಿಬಿಡುತ್ತದೆ. ಪಡೌಕ್ ಅನ್ನುವ ಮರ ಮಾತ್ರ ನಮಗೆ ಹತ್ತಿರದ ನೆಂಟ. ಅದು ನಮ್ಮ ಹೊನ್ನೆಯ ಕುಲದ್ದು, ರಕ್ತಚಂದನದ ಕುಲದ್ದು. ಹೊನ್ನೆಯ ಹಾಗೇ ಹಳದಿ ಹೂವು, ಬಿಲ್ಲೆಯಂಥ ಕಾಯಿ. ನೆಲದ ಮೇಲೆ ಬಿದ್ದ ಕಾಯಿ ತೋರಿಸಿ, ಇದು ಯಾರ ಮನೆಯವರು ಅಂತ ಮಕ್ಕಳನ್ನು ಕೇಳಿ.

ಇನ್ನೊಂದು ಜೀವ ಹೇಳದೆ ಮುಂದೆ ಹೋಗಲಾರೆ. ಚನ್ನಗಿರಿ ಕಡೆ ಅಡಿಕೆ ತೋಟದಲ್ಲಿ ಓಡಾಡಿ ಬೆಳೆದವನು ನಾನು. ಅಂಡಮಾನ್‌ನ ಹಳ್ಳಿಗಳಲ್ಲೂ ಮನೆ ಹಿಂದೆ ಅಡಿಕೆ, ಬಾಳೆ ಇವೆ. ಒಂದು ಬೆಳಿಗ್ಗೆ ನೀಲ್ ದ್ವೀಪದಲ್ಲಿ ಇಳಿದುಕೊಂಡಿದ್ದ ಮನೆಯ ಹಿತ್ತಿಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದೆ. ಎದುರಿಗಿದ್ದ ಅಡಿಕೆ ಮರದ ಮೇಲೆ, ನನ್ನ ಕಣ್ಣಿನ ಮಟ್ಟಕ್ಕೆ, ಒಂದು ಹಲ್ಲಿ ತಲೆಕೆಳಗಾಗಿ ಕೂತಿತ್ತು. ಬಣ್ಣ ಎಂಥದ್ದು ಅಂತೀರಿ! ಎಳೆ ಬಾಳೆಯ ಸುಳಿಯ ಹಸಿರು. ಬೆನ್ನ ಮೇಲೆ ಕುಂಕುಮ ಚಿಮುಕಿಸಿದ ಹಾಗೆ ಕೆಂಪು ಚುಕ್ಕೆ. ನಮ್ಮ ಗೋಡೆ ಹಲ್ಲಿ ರಾತ್ರಿ ಹೊರಡುವುದು. ಇದು ಹಗಲಿನ ಹಲ್ಲಿ, ಬಿಸಿಲಿಗೇ ಬರುತ್ತದೆ. ನಾನು ಉಸಿರು ಬಿಗಿಹಿಡಿದು ನಿಂತೆ. ಅದು ಕುತ್ತಿಗೆ ತಿರುಗಿಸಿ ನನ್ನನ್ನು ನೋಡಿತು. ನಾಲಿಗೆಯಿಂದ ತನ್ನ ಕಣ್ಣನ್ನೇ ಒರೆಸಿಕೊಂಡಿತು. ಆಮೇಲೆ ಮರದ ಆ ಕಡೆಗೆ ಸರಿಯಿತು. ಈ ಹಲ್ಲಿಯ ಕುಲದವರು ಇನ್ನೆಲ್ಲಿದ್ದಾರೆ ಗೊತ್ತಾ? ಮಡಗಾಸ್ಕರ್‌ನಲ್ಲಿ, ಮಾರಿಷಸ್‌ನಲ್ಲಿ, ಸೇಶೆಲ್ಸ್‌ನಲ್ಲಿ. ನಡುವೆ ಇಡೀ ಹಿಂದೂ ಮಹಾಸಾಗರ ಇದೆ. ಭಾರತದ ಮುಖ್ಯ ಭೂಭಾಗದಲ್ಲಿ ಒಂದೂ ಇಲ್ಲ. ಇದಕ್ಕೆ ಸಫಾರಿ ಬೇಡ, ಟಿಕೆಟ್ ಬೇಡ. ಅಮ್ಮನೂ ಕುರ್ಚಿ ಹಾಕಿಕೊಂಡು ನೋಡಬಹುದು.

ಇನ್ನು ಕಡಲಿನ ವಿಷಯ. ಇಲ್ಲೂ ಬಾಮೈದನಿಗೆ ಒಂದು ಮಾತು ಒಪ್ಪಿಕೊಡುತ್ತೇನೆ. ಸೂರ್ಯ ಮುಳುಗುವುದನ್ನು ನೋಡುವುದಕ್ಕೆ ಗೋಕರ್ಣ ಸಾಕು. ನೀರಿನೊಳಗೆ ಏನಿದೆ ಅನ್ನುವುದು ಬೇರೆ ಮಾತು. ನಮ್ಮ ಕರಾವಳಿಗೆ ಘಟ್ಟದಿಂದ ಎಷ್ಟೋ ನದಿಗಳು ಮಣ್ಣು ತಂದು ಸುರಿಯುತ್ತವೆ. ನೀರು ಕಲಕಿರುತ್ತದೆ. ಹವಳಕ್ಕೆ ತಿಳಿ ನೀರು ಬೇಕು, ಬಿಸಿಲು ತಳ ಮುಟ್ಟಬೇಕು. ಯಾಕೆಂದರೆ ಹವಳದ ಹುಳುವಿನ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಸೇರಿಕೊಂಡಿರುತ್ತದೆ. ಬಿಸಿಲಿನಲ್ಲಿ ಅಡುಗೆ ಮಾಡಿ ಹವಳಕ್ಕೆ ಹಂಚುವುದು ಅದೇ. ಹವಳದ ಬಣ್ಣವೂ ಅದರದ್ದೇ. ಅಂಡಮಾನ್‌ನ ನೀರು ತಿಳಿ, ಹಾಗಾಗಿ ತೀರದ ಪಕ್ಕದಲ್ಲೇ ಹವಳ ಬೆಳೆಯುತ್ತದೆ. ನೀರು ಜಾಸ್ತಿ ಬಿಸಿಯಾದಾಗ ಹವಳ ಈ ಪಾಚಿಯನ್ನು ಹೊರಗೆ ದಬ್ಬುತ್ತದೆ, ಬೆಳ್ಳಗಾಗುತ್ತದೆ. ಬಿಸಿ ಬೇಗ ಇಳಿದರೆ ಉಳಿಯುತ್ತದೆ, ಇಲ್ಲವಾದರೆ ಸಾಯುತ್ತದೆ. 1998, 2010, 2016ರಲ್ಲಿ ಅಲ್ಲಿ ಹೀಗಾಯಿತು. 2010ರ ನಂತರ ಹೋದಾಗ, ಮೊದಲು ಕಂಡಿದ್ದ ಒಂದು ಜಾಗದಲ್ಲಿ ಬರೀ ಬೂದಿ ಬಣ್ಣದ ಕಡ್ಡಿಗಳು ಬಿದ್ದಿದ್ದವು. ನೀರಿನೊಳಗೆ ಕಣ್ಣಲ್ಲಿ ನೀರು ಬಂದರೆ ಕನ್ನಡಕದ ಗಾಜು ಮಬ್ಬಾಗುತ್ತದೆ ಅಂತ ಅವತ್ತು ಗೊತ್ತಾಯಿತು. ಇನ್ನೂ ಚೆನ್ನಾಗಿರುವ ಜಾಗಗಳು ಇವೆ. ಮಕ್ಕಳು ಅವನ್ನು ಈಗಲೇ ನೋಡಲಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಹವಳ ನೋಡಲು ಎಲ್ಲರೂ ನೀರಿಗೆ ಧುಮುಕಬೇಕಿಲ್ಲ. ನನ್ನ ಮಟ್ಟಿಗೆ ಇಡೀ ಅಂಡಮಾನ್‌ನ ಅತಿ ಒಳ್ಳೆಯ ಪಾಠಶಾಲೆ ಅಂದರೆ ನೀಲ್ ದ್ವೀಪದಲ್ಲಿ ಇಳಿತದ ಹೊತ್ತು. ಸಮುದ್ರ ಹಿಂದೆ ಸರಿದಾಗ ಲಕ್ಷ್ಮಣಪುರದ ಕಡೆ, ಕಲ್ಲಿನ ಸೇತುವೆಯಂಥ ಕಮಾನು ಇರುವ ತೀರದಲ್ಲಿ, ಕಲ್ಲಿನ ಹಾಸು ತೆರೆದುಕೊಳ್ಳುತ್ತದೆ. ಹಾಸಿನ ಗುಳಿಗಳಲ್ಲಿ ಮೊಣಕಾಲುದ್ದ ನೀರು ನಿಂತಿರುತ್ತದೆ. ಒಂದು ಸಲ ನನ್ನ ವಿದ್ಯಾರ್ಥಿನಿಯೊಬ್ಬಳು ಅಂಥ ಒಂದು ಗುಳಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಸಮುದ್ರ ಸೌತೆ ಅನ್ನುವ ತೊಗಟೆಯ ಬಣ್ಣದ ಪ್ರಾಣಿಯೊಂದು ಮರಳು ತಿನ್ನುತ್ತಾ ಬಿದ್ದಿತ್ತು. ಗೋಲಿಯಷ್ಟು ನೀಲಿ ಮೀನುಗಳು ಕಲ್ಲಿನ ಸಂದಿನಲ್ಲಿ ಮಿಣಮಿಣ ಅಂತಿದ್ದವು. ಐದು ನಿಮಿಷ ಆದಮೇಲೆ ಅವಳು ಕಲ್ಲು ಅಂದುಕೊಂಡಿದ್ದ ಒಂದು ಮುದ್ದೆ ಕಣ್ಣು ಬಿಟ್ಟಿತು. ಅಂಗೈಯಷ್ಟು ಆಕ್ಟೋಪಸ್! ಅದು ಕಲ್ಲಿನಿಂದ ಮರಳಿಗೆ ಹರಿಯಿತು. ಹರಿಯುತ್ತಾ ಹರಿಯುತ್ತಾ ಕಂದು ಬಣ್ಣ ಬಿಟ್ಟು ಮರಳಿನ ಬಿಳಿ ಬಣ್ಣ ಹಾಕಿಕೊಂಡಿತು. ಅವಳು ಕೂಗಲಿಲ್ಲ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂತಿದ್ದಳು. ಇಂದು ಅವಳು ಹರಿಹರದಲ್ಲಿ ಜೀವಶಾಸ್ತ್ರದ ಟೀಚರ್.

ಆದ್ದರಿಂದ ನೀಲ್‌ಗೆ ಹೋದ ದಿನವೇ ಇಳಿತ ಎಷ್ಟು ಗಂಟೆಗೆ ಅಂತ ಇಳಿದುಕೊಂಡ ಮನೆಯವರನ್ನು ಕೇಳಿ. ಪ್ರತಿದಿನ ಹೊತ್ತು ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಅಕ್ಕಪಕ್ಕದ ದಿನಗಳಲ್ಲಿ ನೀರು ಇನ್ನೂ ದೂರ ಸರಿಯುತ್ತದೆ. ನಿಮ್ಮ ಪಂಚಾಂಗ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಹಿಡಿತ ಇರುವ ಚಪ್ಪಲಿ ಹಾಕಿ, ಸುತ್ತಮುತ್ತಲಿನ ದಾರಿ ಗೊತ್ತಿರುವ ಸ್ಥಳೀಯರೊಬ್ಬರ ಜೊತೆ ಹೋಗಿ. ಜೀವಂತ ಹವಳದ ಮೇಲೆ ಕಾಲಿಡಬೇಡಿ. ಏನನ್ನೂ ಎತ್ತಬೇಡಿ. ಅಮ್ಮನಿಗೆ ಆ ಕಲ್ಲು ಹಾಸು ಕಷ್ಟ. ಅವರನ್ನು ಭರತಪುರ ಬೀಚ್‌ನಲ್ಲಿ ಗಾಜಿನ ತಳದ ದೋಣಿಗೆ ಕೂರಿಸಿ. ಒದ್ದೆಯಾಗದೆ ಹವಳ ನೋಡಬಹುದು.

ಚಿತ್ರದುರ್ಗದವರಿಗೆ ಈ ದ್ವೀಪ ಇನ್ನೊಂದು ರೀತಿಯಲ್ಲಿ ಹತ್ತಿರ. ಐಮಂಗಲದ ಹತ್ತಿರದ ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿಟ್ಟ ಹಾಗೆ ಕಾಣುವ ಬಂಡೆಗಳಿವೆಯಲ್ಲ, ಅವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಲಾವಾ ನೀರಿನೊಳಗೆ ಉಕ್ಕಿದಾಗ ಹೊರಪದರ ತಟ್ಟನೆ ತಣ್ಣಗಾಗಿ ದಿಂಬಿನ ಆಕಾರ ಬರುತ್ತದೆ. ಅಂದರೆ ಸುಮಾರು 250 ಕೋಟಿ ವರ್ಷದ ಹಿಂದೆ ಆ ಜಾಗ ಕಡಲ ತಳ. ಅಂಥ ಬೆಂಕಿ ಇವತ್ತಿಗೂ ಉರಿಯುತ್ತಿರುವುದು ಅಂಡಮಾನ್‌ನ ಬ್ಯಾರನ್ ದ್ವೀಪದಲ್ಲಿ. ಭಾರತದ ಒಂದೇ ಒಂದು ಜೀವಂತ ಜ್ವಾಲಾಮುಖಿ ಅದು. 1787ರಲ್ಲಿ ಉಗುಳಿದ್ದರ ದಾಖಲೆ ಇದೆ. ಆಮೇಲೆ ಬಹಳ ಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಎದ್ದಿತು. ದ್ವೀಪಕ್ಕೆ ಇಳಿಯಲು ಬಿಡುವುದಿಲ್ಲ. ಪರವಾಗಿಲ್ಲ. ಹೊರಡುವ ಮುಂಚೆ ಒಂದು ಭಾನುವಾರ ಮಕ್ಕಳನ್ನು ಮರಡಿಹಳ್ಳಿಗೆ ಕರೆದುಕೊಂಡು ಹೋಗಿ. ಅಂಥ ಜ್ವಾಲಾಮುಖಿ ದ್ವೀಪ ಹುಟ್ಟುವುದು ಹೇಗೆ ಅನ್ನುವುದು ಅಲ್ಲೇ ಅರ್ಧ ಅರ್ಥವಾಗುತ್ತದೆ.

ಈಗ ನಿಮ್ಮ ಉಳಿದ ಪ್ರಶ್ನೆಗಳು. ಬೇಸಿಗೆ ರಜೆಗೆ ಹೋಗಬಹುದಾ ಅಂದರೆ, ಏಪ್ರಿಲ್‌ನಲ್ಲಿ ಧಾರಾಳವಾಗಿ ಹೋಗಬಹುದು. ಬಿಸಿಲು, ಸೆಕೆ ಇರುತ್ತದೆ. ಆದರೆ ಸಮುದ್ರ ಶಾಂತ, ನೀರು ತಿಳಿ. ಮೇ ಮಧ್ಯಕ್ಕೆ ಮಳೆಗಾಲ ಶುರು. ಹಾಗಾಗಿ ಶಾಲೆ ಮುಚ್ಚಿದ ತಕ್ಷಣ ಹೊರಡಿ, ಮೇವರೆಗೆ ತಳ್ಳಬೇಡಿ. ದಸರಾ ರಜೆಯಲ್ಲಿ ಅಲ್ಲಿ ಇನ್ನೂ ಮಳೆ ಇರುತ್ತದೆ, ಬೇಡ. ಕ್ರಿಸ್‌ಮಸ್ ವಾರ ಹವೆ ಬಹಳ ಚೆನ್ನ, ಜನ ಮಾತ್ರ ಸಂತೆಯ ಹಾಗೆ. ಏಪ್ರಿಲ್‌ನಲ್ಲಿ ತಪ್ಪುವುದು ಒಂದೇ, ಕಡಲಾಮೆ. ಅವು ಹೆಚ್ಚಾಗಿ ಮರಳಿಗೆ ಬಂದು ಮೊಟ್ಟೆ ಇಡುವುದು ಡಿಸೆಂಬರಿನಿಂದ ಫೆಬ್ರವರಿವರೆಗೆ. ಉತ್ತರದ ದಿಗ್ಲಿಪುರದ ಕಾಲಿಪುರ ಬೀಚ್‌ಗೆ ನಾಲ್ಕು ಜಾತಿಯ ಕಡಲಾಮೆ ಬರುತ್ತವೆ. ದಿಗ್ಲಿಪುರಕ್ಕೆ ಹೋಗಿ ಬರಲು ಬೇರೆಯೇ ಮೂರ್ನಾಲ್ಕು ದಿನ ಬೇಕು. ಅದನ್ನು ಈ ಸಲ ಬಿಡಿ. ಮಗಳು ಕಾಲೇಜಿಗೆ ಬಂದಮೇಲೆ ಅಪ್ಪ ಮಗಳು ಇಬ್ಬರೇ ಹೋಗಿ ಬನ್ನಿ.

ಎಷ್ಟು ದಿನ ಅಂದರೆ, ಅಲ್ಲಿ ಎಂಟು ದಿನ, ಒಂಬತ್ತನೇ ದಿನ ವಾಪಸ್. ತಂಗುವುದು ಮೂರೇ ದ್ವೀಪದಲ್ಲಿ. ನನ್ನ ಮೊದಲ ಪ್ರವಾಸದಲ್ಲಿ ಟೂರ್ ಮಾಡಿಸಿದವರು ಐದು ದಿನದಲ್ಲಿ ಒಂಬತ್ತು ಜಾಗದ ಪಟ್ಟಿ ಕೊಟ್ಟಿದ್ದರು. ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸುವುದು, ದೋಣಿ, ವ್ಯಾನು, ಮತ್ತೆ ದೋಣಿ. ಹವಳದ ಹತ್ತಿರ ಇಪ್ಪತ್ತು ನಿಮಿಷ ಬಿಟ್ಟು ಶಿಳ್ಳೆ ಹೊಡೆದು ಕರೆದರು. ಮೂವತ್ತೆರಡು ವಿದ್ಯಾರ್ಥಿಗಳಲ್ಲಿ ಅರ್ಧ ಜನ ವಾಂತಿ ಮಾಡಿಕೊಂಡು ಮಲಗಿದರು. ಆ ಮಕ್ಕಳ ಅಪ್ಪಂದಿರು ಮೆಕ್ಕೆಜೋಳ ಮಾರಿದ ದುಡ್ಡು ಕೊಟ್ಟು ಕಳಿಸಿದ್ದರು. ಅದು ಇವತ್ತಿಗೂ ನನಗೆ ಚುಚ್ಚುತ್ತದೆ. ಆಮೇಲೆ ಯಾವತ್ತೂ ನಾನು ಬೇರೆಯವರ ಪಟ್ಟಿ ಹಿಡಿದು ಹೋಗಲಿಲ್ಲ.

ನೀವು ಹೀಗೆ ಮಾಡಿ. ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ವಿಮಾನ. 2024ರಿಂದ ಆ ಊರಿನ ಹೆಸರು ಶ್ರೀ ವಿಜಯ ಪುರಂ, ಬುಕ್ ಮಾಡುವಾಗ ಎರಡೂ ಹೆಸರು ಕಾಣುತ್ತವೆ, ಗಾಬರಿ ಬೇಡ. ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಈಗ ಶಹೀದ್ ದ್ವೀಪ. ಮೊದಲ ದಿನ ಸುಮ್ನೆ ವಿಶ್ರಾಂತಿ. ಮಾರನೇ ದಿನ ಚಾಥಮ್‌ನಿಂದ ಬಾಂಬೂ ಫ್ಲಾಟ್‌ಗೆ ದೋಣಿ ದಾಟಿ ಮೌಂಟ್ ಹ್ಯಾರಿಯೆಟ್‌ಗೆ ಹೋಗಿ. ಈಗ ಅದು ಮೌಂಟ್ ಮಣಿಪುರ ರಾಷ್ಟ್ರೀಯ ಉದ್ಯಾನ. ವಾಹನ ಮೇಲಿನವರೆಗೂ ಹೋಗುತ್ತದೆ, ಅಮ್ಮನಿಗೆ ತೊಂದರೆ ಇಲ್ಲ. ನಿಜವಾದ ಮಳೆಕಾಡು ಅಮ್ಮ ನೋಡಬಹುದಾದ ಜಾಗ ಇದೇ. ಹಳೆಯ ಕೆಂಪು ಇಪ್ಪತ್ತು ರೂಪಾಯಿ ನೋಟಿನ ಹಿಂದೆ ತೆಂಗಿನ ಮರ, ಕಡಲು ಇತ್ತಲ್ಲ, ಅದು ಈ ಬೆಟ್ಟದಿಂದ ಕಾಣುವ ನೋಟ. ಮನೆಯಲ್ಲಿ ಒಂದು ನೋಟಿದ್ದರೆ ಮಗನ ಜೇಬಿನಲ್ಲಿಡಿ, ಅಲ್ಲಿ ನಿಂತು ಹೋಲಿಸಲಿ. ಚಾಥಮ್‌ನಲ್ಲಿ 1883ರ ಕಾಲದ ಮರದ ಮಿಲ್ ಇದೆ. ಆ ದೊಡ್ಡ ಪಡೌಕ್, ಗರ್ಜನ್ ಮರಗಳು ಎಲ್ಲಿ ಹೋದವು ಅನ್ನುವುದಕ್ಕೆ ಅಲ್ಲಿ ಉತ್ತರ ಇದೆ.

ಮೂರನೇ ದಿನ ವಂಡೂರ್. 1983ರಲ್ಲಿ ಆದ ಮಹಾತ್ಮ ಗಾಂಧಿ ಸಮುದ್ರ ರಾಷ್ಟ್ರೀಯ ಉದ್ಯಾನ ಅಲ್ಲೇ. ಏಪ್ರಿಲ್‌ನಲ್ಲಿ ಜಾಲಿ ಬಾಯ್ ದ್ವೀಪ ತೆರೆದಿರುತ್ತದೆ. ಮಳೆಗಾಲದಲ್ಲಿ ಅದನ್ನು ಮುಚ್ಚಿ ರೆಡ್ ಸ್ಕಿನ್ ದ್ವೀಪ ತೆರೆಯುತ್ತಾರೆ. ಹವಳಕ್ಕೂ ರಜೆ ಬೇಕಲ್ವಾ, ಅದಕ್ಕೆ. ಪ್ಲಾಸ್ಟಿಕ್ ಅಲ್ಲಿಗೆ ಒಯ್ಯುವಂತಿಲ್ಲ, ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ. ಪರವಾನಗಿ ಮುಂಚೆಯೇ ಮಾಡಿಸಿ. ಆಮೇಲೆ ಎರಡು ರಾತ್ರಿ ನೀಲ್, ಎರಡು ರಾತ್ರಿ ಹ್ಯಾವ್‌ಲಾಕ್. ದೋಣಿ ಟಿಕೆಟ್ ಮೊದಲೇ ತೆಗೆದಿಡಿ. ಹತ್ತುವ ಮುಂಚೆ ಹೊಟ್ಟೆ ತುಂಬಾ ತಿನ್ನಬೇಡಿ, ವಾಂತಿ ಮಾತ್ರೆ ಡಾಕ್ಟರನ್ನು ಕೇಳಿ ಇಟ್ಟುಕೊಳ್ಳಿ. ಯಾರಾದರೂ ಸ್ಕೂಬಾ ಡೈವಿಂಗ್ ಮಾಡಿದರೆ ಆಮೇಲೆ ಒಂದು ದಿನ ಪೂರ್ತಿ ವಿಮಾನ ಹತ್ತಬಾರದು. ಕೊನೆಯ ಸಂಜೆ ಪೋರ್ಟ್ ಬ್ಲೇರ್‌ನಿಂದ 25 ಕಿಲೋಮೀಟರ್ ದೂರದ ಚಿಡಿಯಾ ಟಾಪುಗೆ ಹೋಗಿ. ಹೆಸರೇ ಹಕ್ಕಿ ದ್ವೀಪ. ಮರಕುಟುಕ, ಗಿಳಿ, ಕೆಂಬೂತ ಎಲ್ಲ ಅಲ್ಲಿ ಸಿಗುತ್ತವೆ. ಒಂದು ನೆನಪಿಡಿ, ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೇಗ. ಏಪ್ರಿಲ್‌ನಲ್ಲಿ ಐದಕ್ಕೆಲ್ಲ ಬೆಳಕು, ಸಂಜೆ ಐದೂವರೆ ಆಯಿತೆಂದರೆ ಸೂರ್ಯ ಮುಳುಗುವ ಹೊತ್ತು. ಹಕ್ಕಿ ನೋಡುವವರು ಮೂರೂವರೆಗೇ ಅಲ್ಲಿರಬೇಕು.

ಬರಾಟಾಂಗ್‌ನ ಸುಣ್ಣದ ಗುಹೆಗೆ ಹೋಗೋಣ ಅಂತ ಎಲ್ಲರೂ ಒತ್ತಾಯ ಮಾಡುತ್ತಾರೆ. ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಕಾಡಿನ ನಡುವೆ ದೋಣಿಯಲ್ಲಿ ಹೋಗುವ ಆ ದಾರಿ ತುಂಬಾ ಚಂದ, ನಿಜ. ಆದರೆ ಅಲ್ಲಿಗೆ ಹೋಗುವ ರಸ್ತೆ ಜಾರವಾ ಅನ್ನುವ ಆದಿವಾಸಿ ಜನರ ಮೀಸಲು ಕಾಡಿನ ಮಧ್ಯೆ ಹಾದು ಹೋಗುತ್ತದೆ. ಗುಹೆಯ ನೆಪದಲ್ಲಿ ಆ ಜನರನ್ನು ಕಿಟಕಿಯಿಂದ ನೋಡಲು ಹೋಗುವವರೇ ಜಾಸ್ತಿ. ಅವರ ಮನೆಯಂಗಳದಲ್ಲಿ ನಾವು ಬಸ್ಸು ಓಡಿಸುತ್ತಿದ್ದೇವೆ. ಫೋಟೋ ತೆಗೆಯುವುದು, ತಿಂಡಿ ಕೊಡುವುದು, ಗಾಡಿ ನಿಲ್ಲಿಸುವುದು ಎಲ್ಲ ಅಪರಾಧ. ನಾನು ಒಂದು ಸಲ ಆ ರಸ್ತೆಯಲ್ಲಿ ಹೋದೆ. ಬಸ್ಸಿನಲ್ಲಿದ್ದವರು ಕಿಟಕಿಗೆ ಮುಖ ಒತ್ತಿ "ಎಲ್ಲಿ, ಎಲ್ಲಿ" ಅಂತ ಹುಡುಕುತ್ತಿದ್ದುದನ್ನು ನೋಡಿ ಬಹಳ ಸಂಕಟವಾಯಿತು. ಮತ್ತೆ ಹೋಗಲಿಲ್ಲ. ಕಾಂಡ್ಲಾ ಕಾಡು ನೋಡಲೇಬೇಕು ಅಂದರೆ ಹ್ಯಾವ್‌ಲಾಕ್ ಜೆಟ್ಟಿಯ ಅಕ್ಕಪಕ್ಕದಲ್ಲೇ ಇದೆ, ದೋಣಿಯವರು ಕರೆದುಕೊಂಡು ಹೋಗುತ್ತಾರೆ. ನೀವು ಬರಾಟಾಂಗ್ ಬಿಟ್ಟರೆ ನನಗೆ ಸಂತೋಷ.

ರಾಸ್ ದ್ವೀಪಕ್ಕೆ ಹೋದರೆ ಜಿಂಕೆಗಳು ಕೈಯಿಂದಲೇ ತಿನ್ನಲು ಬರುತ್ತವೆ, ಮಕ್ಕಳಿಗೆ ಖುಷಿಯಾಗುತ್ತದೆ. ಮನೆಗೆ ಬಂದಮೇಲೆ ಮಗಳಿಗೆ ಇಷ್ಟು ಹೇಳಿ. ಆ ಜಿಂಕೆ ಅಲ್ಲಿನದ್ದಲ್ಲ. ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟದ್ದು. ತಿನ್ನುವ ಹುಲಿ ಚಿರತೆ ಇಲ್ಲದ ಕಾರಣ ಬೇರೆ ದ್ವೀಪಗಳಿಗೂ ಈಜಿ ಹೋಗಿ ಹರಡಿತು. ಮೊಳಕೆ ಒಡೆದ ಸಸಿಗಳನ್ನೆಲ್ಲ ಮೇಯುತ್ತದೆ. ಮೇಲೆ ದೊಡ್ಡ ಮರ ಇದೆ, ಕೆಳಗೆ ಅದರ ಮಗು ಇಲ್ಲ. ನಮ್ಮ ಕಾಡಿನಲ್ಲಿ ಒಗ್ಗಿಕೊಂಡ ಪ್ರಾಣಿಯೇ ದ್ವೀಪದಲ್ಲಿ ಕಾಡಿಗೆ ಪೆಟ್ಟು ಕೊಡುತ್ತದೆ. ದ್ವೀಪ ಎಷ್ಟು ನಾಜೂಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಮೊಸಳೆ ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಅಲ್ಲಿರುವುದು ಉಪ್ಪುನೀರಿನ ಮೊಸಳೆ, ತುಂಬಾ ದೊಡ್ಡದು, ಸಮುದ್ರದಲ್ಲೂ ಈಜುತ್ತದೆ. ಜನ ಸತ್ತಿದ್ದಾರೆ. ಬೋರ್ಡು ಇರುವ ಕಡೆ, ಬಲೆ ಕಟ್ಟದ ಕಡೆ, ತೊರೆ ಬಂದು ಕಡಲಿಗೆ ಸೇರುವ ಕಡೆ, ಕತ್ತಲಾದ ಮೇಲೆ ನೀರಿಗೆ ಇಳಿಯಲೇಬೇಡಿ. ಲೈಫ್‌ಗಾರ್ಡ್ ಹೇಳಿದ ಮಾತು ಮೀರಬೇಡಿ. ಮರಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನೊಣ ಕಚ್ಚುತ್ತದೆ, ವಾರಗಟ್ಟಲೆ ತುರಿಕೆ. ಬರೀ ಮರಳಿನ ಮೇಲೆ ಕೂರಬೇಡಿ, ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ.

ಮಕ್ಕಳು ಶಂಖ, ಚಿಪ್ಪು ಎತ್ತಿಕೊಳ್ಳುತ್ತಾರೆ. ಬಿಡಿಸಿ ವಾಪಸ್ ಇಡಿಸಿ. ಸತ್ತ ಹವಳದ ತುಂಡನ್ನೂ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಬ್ಯಾಗು ತೆಗೆಸುತ್ತಾರೆ. ಕಾನೂನು ಒಂದು ಕಡೆ ಇರಲಿ. ಶಂಖದೊಳಗೆ ಮನೆ ಮಾಡಿಕೊಳ್ಳುವ ಏಡಿ ಬೆಳೆದ ಹಾಗೆಲ್ಲ ದೊಡ್ಡ ಶಂಖ ಹುಡುಕಬೇಕು. ಹ್ಯಾವ್‌ಲಾಕ್‌ನಲ್ಲಿ ಒಂದು ಏಡಿ ಹಸಿರು ಪ್ಲಾಸ್ಟಿಕ್ ಮುಚ್ಚಳ ಹೊತ್ತುಕೊಂಡು ಓಡಾಡುತ್ತಿದ್ದುದನ್ನು ನೋಡಿದ್ದೇನೆ. ಮುಚ್ಚಳ ಅದರ ಹೊಟ್ಟೆಯನ್ನು ಪೂರ್ತಿ ಮುಚ್ಚುತ್ತಿರಲಿಲ್ಲ. ಎರಡು ಹೆಜ್ಜೆ ಇಟ್ಟು ನಿಲ್ಲುತ್ತಿತ್ತು. ನನ್ನ ಮೊಮ್ಮಗ ಜೇಬಿನಲ್ಲಿದ್ದ ಮೂರು ಶಂಖ ತೆಗೆದು ಅದರ ಮುಂದೆ ಸಾಲಾಗಿ ಇಟ್ಟ. ಅದು ಮೊದಲನೆಯದನ್ನು ಮುಟ್ಟಿ ನೋಡಿತು, ಬಿಟ್ಟಿತು. ಎರಡನೆಯದರ ಬಾಯಿಗೆ ಕೊಂಡಿ ಹಾಕಿ ಅಳತೆ ನೋಡಿತು. ಮುಚ್ಚಳ ಬಿಟ್ಟು ಒಂದೇ ಕ್ಷಣದಲ್ಲಿ ಒಳಗೆ ಸೇರಿಕೊಂಡಿತು. ಆ ಮುಚ್ಚಳ ಇವತ್ತಿಗೂ ಅವನ ಪೆನ್ಸಿಲ್ ಡಬ್ಬಿಯಲ್ಲಿದೆ.

ಕೊನೆಗೆ ತಯಾರಿ. ಇನ್ನೂ ಎರಡು ಮೂರು ತಿಂಗಳು ಸಮಯ ಇದೆ. ಭಾನುವಾರ ಬೆಳಿಗ್ಗೆ ಮಕ್ಕಳನ್ನು ಚಂದ್ರವಳ್ಳಿ ಕೆರೆಗೋ, ಜೋಗಿಮಟ್ಟಿಗೋ ಕರೆದುಕೊಂಡು ಹೋಗಿ ನಮ್ಮ ಕೆಂಬೂತ, ನಮ್ಮ ಕಾಜಾಣ, ನಮ್ಮ ಮರಕುಟುಕ ಗುರುತು ಮಾಡಿಸಿ. ಇಲ್ಲಿನದು ಗೊತ್ತಿದ್ದವರಿಗೇ ಅಲ್ಲಿನದು ಬೇರೆ ಅಂತ ಕಾಣುವುದು. ಒಂದು ಸಾಧಾರಣ ಬೈನಾಕ್ಯುಲರ್ ಇದ್ದರೆ ಸಾಕು. ಹೊಸದು ಕೊಳ್ಳಲು ಹೋಗಬೇಡಿ. ನನ್ನ ಹತ್ತಿರ ಎರಡಿವೆ. ದಾವಣಗೆರೆ ಕಡೆ ಬಂದಾಗ ಒಂದನ್ನು ತಗೊಂಡು ಹೋಗಿ. ವಾಪಸ್ ಕೊಡಲು ಬರುವಾಗ ಮಗಳನ್ನೂ ಕರೆದುಕೊಂಡು ಬನ್ನಿ. ಆ ಹಸಿರು ಹಲ್ಲಿ ಕಂಡಿತಾ ಅಂತ ಅವಳನ್ನೇ ಕೇಳಬೇಕು.